ಉಚಿತ ವಿದ್ಯಾಭ್ಯಾಸವೂ ಹೆಣ್ಣುಮಗುವಿನ ವೇಳೆಯೂ

“ಶಾಲೆಗೆ ಶುಲ್ಕವಿಲ್ಲ, ಪುಸ್ತಕಕ್ಕೆ ಕಾಸಿಲ್ಲ, ಮಧ್ಯಾಹ್ನದ ಊಟವೂ ಅಲ್ಲಿಯೇ ಆಗುತ್ತದೆ, ಇಷ್ಟಾದರೂ ಮಕ್ಕಳು ಏತಕ್ಕೆ ತಪ್ಪಿಸಿಕೊಳ್ಳುತ್ತಾರೆ?” ಎಂದು ಕೇಳುವವರು ನಮ್ಮಲ್ಲಿ ಹಲವರುಂಟು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಇದಕ್ಕೆ ಉತ್ತರವು ಶಾಲೆಯ ಹಾಜರಿ ಪುಸ್ತಕದಲ್ಲಿ ದೊರೆಯದು. ನಮ್ಮ ಶಿಡ್ಲಘಟ್ಟದ ಸೀಮೆಯಲ್ಲಿ ಅದನ್ನು ಹುಳುಮನೆಯೊಳಗೆ ಹುಡುಕಬೇಕು. ಮಗುವಿನ ವಿದ್ಯಾಭ್ಯಾಸಕ್ಕೆ ತೆರಬೇಕಾದ ಬೆಲೆ ಎರಡು ಬಗೆಯದು. ಒಂದು ಹಣದ ಬೆಲೆ. ಮತ್ತೊಂದು ವೇಳೆಯ ಬೆಲೆ. ಮೊದಲನೆಯದನ್ನು ಸರ್ಕಾರವು ತೆರಬಲ್ಲುದು. ಎರಡನೆಯದನ್ನು ತೆರತಕ್ಕವರು ಮನೆಯವರು. ಈ ಎರಡನೆಯದನ್ನು ಕುರಿತೇ ಇಲ್ಲಿ ಮುಖ್ಯವಾಗಿ ವಿಚಾರಮಾಡೋಣ.

ಹಣದ ಬೆಲೆಯನ್ನು ಇಳಿಸುವುದಕ್ಕೆ ನಮ್ಮ ನಾಡು ನೂರು ವರ್ಷಕ್ಕೂ ಮೇಲ್ಪಟ್ಟು ಶ್ರಮಿಸಿದೆ. 1911ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಬ್ರಿಟಿಷ್ ಇಂಡಿಯಾದಲ್ಲಿ ಕಡ್ಡಾಯ ಪ್ರಾಥಮಿಕ ವಿದ್ಯಾಭ್ಯಾಸಕ್ಕಾಗಿ ಮಂಡಿಸಿದ ಮಸೂದೆಯು ಮರುವರ್ಷವೇ ಬಿದ್ದುಹೋಯಿತು. ಮೈಸೂರು ಸಂಸ್ಥಾನದಲ್ಲಾದರೋ 1913ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ರೆಗ್ಯುಲೇಷನ್ ಹೊರಟು, ಆಯ್ದ ಸ್ಥಳಗಳಲ್ಲಿ ಕಡ್ಡಾಯವು ಮೊದಲಾಯಿತು. ಆಗ ದಿವಾನರಾಗಿದ್ದವರು ನಮ್ಮ ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಓದಿದ ಸರ್ ಎಂ. ವಿಶ್ವೇಶ್ವರಯ್ಯನವರು. 1912ರಿಂದ 1918ರವರೆಗಿನ ಅವರ ಆಡಳಿತದಲ್ಲಿ ಸಂಸ್ಥಾನದ ಶಾಲೆಗಳ ಸಂಖ್ಯೆಯು ಎರಡರಷ್ಟಕ್ಕಿಂತ ಹೆಚ್ಚಾಯಿತು. 1950ರಲ್ಲಿ ಜಾರಿಗೆ ಬಂದ ಭಾರತ ಸಂವಿಧಾನದ 45ನೆಯ ಅನುಚ್ಛೇದವು, ಹದಿನಾಲ್ಕು ವಯಸ್ಸಿನವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷಗಳೊಳಗಾಗಿ ಉಚಿತವೂ ಕಡ್ಡಾಯವೂ ಆದ ವಿದ್ಯಾಭ್ಯಾಸವನ್ನು ಒದಗಿಸಲು ಸರ್ಕಾರವು ಯತ್ನಿಸತಕ್ಕದ್ದೆಂದು ವಿಧಿಸಿತು. ಆ ಗಡುವು 1960ಕ್ಕೆ ತೀರಿತು. ಆದರೆ ಅದು ಮಕ್ಕಳ ಮೂಲಭೂತ ಹಕ್ಕೆಂದು ಸಂವಿಧಾನದಲ್ಲಿ ಸೇರಿದ್ದು 2002ರ ತಿದ್ದುಪಡಿಯಿಂದ. ಅದಕ್ಕೆ ತಕ್ಕ ಕಾನೂನು 2009ರಲ್ಲಿ ಆಗಿ, 2010ನೆಯ ಏಪ್ರಿಲ್ 1ರಿಂದ ನಡೆಗೆ ಬಂದಿತು. ತಡವಾದರೂ ಶಾಲೆಯ ಬಾಗಿಲು ತೆರೆಯಿತು. ಬಾಗಿಲವರೆಗೆ ಬರಲು ಮಗುವಿಗೆ ಬಿಡುವುಂಟೇ ಎಂಬುದೇ ಉಳಿದ ಪ್ರಶ್ನೆ.

ರೇಷ್ಮೆಹುಳುವಿನ ಜೀವನಕ್ರಮವನ್ನು ನಮ್ಮ ಓದುಗರು ಬಲ್ಲರು. ಮೊಟ್ಟೆಯೊಡೆದ ಹುಳು ನಾಲ್ಕು ಜ್ವರಗಳನ್ನು ಕಳೆದು, ಇಪ್ಪತ್ತೈದು ದಿನಗಳ ಸುಮಾರಿಗೆ ಹಣ್ಣಾಗುತ್ತದೆ. ನಾಲ್ಕನೆಯ ಜ್ವರದಿಂದೆದ್ದ ಮೇಲಿನ ಆರರಿಂದ ಎಂಟು ದಿನಗಳಲ್ಲಿ ಅದರ ಹಸಿವಿಗೆ ಮಿತಿಯಿಲ್ಲ. ಇಡೀ ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲು ಈ ದಿನಗಳಲ್ಲಿಯೇ ಮುಗಿಯುತ್ತದೆ. ಸೊಪ್ಪು ಕೊಯ್ಯಬೇಕು, ಹೊರಬೇಕು, ಹೊತ್ತುಹೊತ್ತಿಗೆ ಹಾಕಬೇಕು, ಕಸ ತೆಗೆಯಬೇಕು. ಹುಳು ಹಣ್ಣಾದೊಡನೆ ಆರಿಸಿ ಚಂದ್ರಿಕೆಗೆ ಬಿಡಬೇಕು. ಅದು ನಾಳೆಗೆಂದರೆ ಕಾಯುವುದಿಲ್ಲ. ಹಿರಿಯರೆಲ್ಲ ಹುಳುವಿನ ಕೆಲಸದಲ್ಲಿರುವಾಗ ತೊಟ್ಟಿಲ ಕೂಸನ್ನೂ ಒಲೆಯನ್ನೂ ನೋಡಿಕೊಳ್ಳತಕ್ಕವರು ಯಾರು? ಮನೆಯ ಹಿರಿಯ ಹೆಣ್ಣುಮಗು. ಅವಳ ತಮ್ಮ ಶಾಲೆಗೆ ಹೋಗುತ್ತಾನೆ. ಅವಳು ಮನೆಯಲ್ಲಿ ನಿಲ್ಲುತ್ತಾಳೆ.

ಇದನ್ನು ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ ಐದು ಬೆಳೆ, ಬೆಳೆಗೆ ಎಂಟು ಶಾಲಾದಿನಗಳು ಎಂದಿಟ್ಟುಕೊಂಡರೆ ನಲವತ್ತು ದಿನಗಳಾದುವು. ಮೇಲೆ ಹೇಳಿದ 2009ರ ಕಾನೂನು ಐದನೆಯ ತರಗತಿಯವರೆಗೆ ಗೊತ್ತುಮಾಡಿರುವುದು ವರ್ಷಕ್ಕೆ 200 ಶಾಲಾದಿನಗಳನ್ನು. ಅಂದರೆ ಐದರಲ್ಲಿ ಒಂದು ಪಾಲು ಹೋಯಿತು. ನಷ್ಟವು ಇಷ್ಟಕ್ಕೇ ಮುಗಿಯಲಿಲ್ಲ. ಹುಡುಗಿಯು ಮನೆಯಲ್ಲಿದ್ದ ವಾರದಲ್ಲಿ ಉಪಾಧ್ಯಾಯಿನಿಯು ಭಿನ್ನರಾಶಿಯನ್ನು ಕಲಿಸಿ ಮುಗಿಸಿದ್ದರೆ, ಮುಂದಿನ ವಾರದ ಲೆಕ್ಕ ಅವಳಿಗೆ ತಿಳಿಯದು, ತಿಳಿಯದ್ದರಿಂದ ನಾಚಿಕೆ, ನಾಚಿಕೆಯಿಂದ ಮತ್ತೊಂದು ದಿನದ ಗೈರುಹಾಜರಿ. ಇದಲ್ಲದೆ ಈ ಸೀಮೆಯಲ್ಲಿ ಎಷ್ಟೋ ಮನೆಗಳ ಮಾತು ತೆಲುಗು, ಎಷ್ಟೋ ಮನೆಗಳದು ಉರ್ದು. ಅಂಥ ಮಗುವು ಕನ್ನಡ ಶಾಲೆಗೆ ಸೇರಿದರೆ ಭಾಷೆಯನ್ನೂ ಪಾಠವನ್ನೂ ಒಟ್ಟಿಗೆ ಕಲಿಯಬೇಕಾಗುತ್ತದೆ. ಅವಳಿಗೆ ಒಂದು ದಿನ ತಪ್ಪಿದರೆ ಎರಡು ದಿನ ತಪ್ಪಿದಂತೆಯೇ ಸರಿ.

ರೇಷ್ಮೆಯಿರುವಲ್ಲಿ ಹೀಗಾಗುವುದು ಅನಿವಾರ್ಯವೆಂದು ಕೆಲವರು ಹೇಳಬಹುದು. ಆದರೆ ರೇಷ್ಮೆಗೆ ಹೆಸರಾದ ಜಪಾನು ದೇಶದ ಚರಿತ್ರೆಯು ಬೇರೆ ಮಾತನ್ನು ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದ ಕಡೆಯಲ್ಲಿ ಜಮ್ಷೇಟ್‌ಜಿ ಟಾಟಾರವರು ಬೆಂಗಳೂರಿನಲ್ಲಿ ರೇಷ್ಮೆಯ ತೋಟವನ್ನು ಸ್ಥಾಪಿಸಿದಾಗ ತಜ್ಞರನ್ನು ಕರೆಸಿದ್ದು ಆ ದೇಶದಿಂದಲೇ. ಅಲ್ಲಿ 1872ರಲ್ಲಿ ಎಲ್ಲರಿಗೂ ಶಾಲೆಯೆಂಬ ಆಜ್ಞೆ ಹೊರಟಿತು. ಆದರೆ ಶುಲ್ಕವಿತ್ತು, ಮನೆಗೆಲಸವೂ ಇತ್ತು. 1873ರಲ್ಲಿ ಶಾಲೆಗೆ ದಾಖಲಾದ ಹೆಣ್ಣುಮಕ್ಕಳು ನೂರಕ್ಕೆ 15 ಮಂದಿ. 1890ರಲ್ಲಿಯೂ 31 ಮಂದಿ ಮಾತ್ರ. 1900ರಲ್ಲಿ ಪ್ರಾಥಮಿಕ ಶಾಲೆಯ ಶುಲ್ಕವನ್ನು ತೆಗೆದುಹಾಕಿದರು. ಅದಕ್ಕೂ ಮೊದಲೇ ಹಲವು ಊರುಗಳಲ್ಲಿ, ಕೂಸನ್ನು ಬೆನ್ನಿಗೆ ಕಟ್ಟಿಕೊಂಡೇ ಬಂದು ಓದುವ ಹುಡುಗಿಯರಿಗಾಗಿ ಪ್ರತ್ಯೇಕ ಶಾಲೆಗಳನ್ನು ತೆರೆದಿದ್ದರು. 1910ರ ವೇಳೆಗೆ ದಾಖಲಾದ ಹೆಣ್ಣುಮಕ್ಕಳು ನೂರಕ್ಕೆ 97ನ್ನು ಮುಟ್ಟಿದರು. ಶುಲ್ಕವನ್ನು ಬಿಟ್ಟದ್ದು ಒಂದು ಕೈ. ಮಗುವಿನ ವೇಳೆಗೆ ಶಾಲೆಯು ಹೊಂದಿಕೊಂಡದ್ದು ಮತ್ತೊಂದು ಕೈ. ಎರಡು ಕೈ ಸೇರಿದಲ್ಲದೆ ಚಪ್ಪಾಳೆಯಾಗದು.

ನಮ್ಮ ನಾಡಿನಲ್ಲಿಯೂ ಇಂಥ ಯತ್ನಗಳು ನಡೆಯದೆ ಇಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ‘ನಲಿ–ಕಲಿ’ ಪದ್ಧತಿಯು, ಚಿಂತಾಮಣಿಯಿಂದಾಚೆ ಗಡಿ ದಾಟಿದರೆ ಸಿಕ್ಕುವ ಮದನಪಲ್ಲಿಯ ಸಮೀಪದ ಋಷಿವ್ಯಾಲಿಯಿಂದ ಸ್ಫೂರ್ತಿ ಪಡೆದದ್ದು. ಇದರಲ್ಲಿ ಪಾಠವನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಮಾಡಿದೆ. ಗೈರುಹಾಜರಾಗಿದ್ದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದಕ್ಕೆ ಹತ್ತಬಹುದು. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾದ ‘ಅಕ್ಷರ ದಾಸೋಹ’ದ ಬಿಸಿಯೂಟವು ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂದಿತು. 2007ರಲ್ಲಿ ಕೋಲಾರದಿಂದ ಬೇರೆಯಾದ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಪ್ರದೇಶದಲ್ಲಿ ಓದುಬರಹ ಬಲ್ಲವರು 2001ರಲ್ಲಿ ನೂರಕ್ಕೆ ಸುಮಾರು 59 ಮಂದಿಯಿದ್ದವರು 2011ರ ಜನಗಣತಿಯಲ್ಲಿ ಸುಮಾರು 70 ಆದರು. ಸಂತೋಷದ ಸಂಗತಿಯೇ. ಆದರೆ ಆ ಗಣತಿಯಲ್ಲಿ ಗಂಡಸರು ಸುಮಾರು 78 ಆದರೆ ಹೆಂಗಸರು ಸುಮಾರು 62. ನಡುವಣ ಈ ಹದಿನಾರರಲ್ಲಿ ತಮ್ಮನಿಗಾಗಿ ಮನೆಯಲ್ಲಿ ನಿಂತ ಅಕ್ಕಂದಿರಿದ್ದಾರೆ.

ಹಾಗಾದರೆ ನಾವು ಮಾಡತಕ್ಕದ್ದೇನು? ತಾಯಿತಂದೆಗಳಲ್ಲಿ ಬಿನ್ನಹವಿದು. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾನೂನಿನಂತೆ ಹದಿನಾಲ್ಕರೊಳಗಿನ ಮಕ್ಕಳು ಮನೆಯ ಕಸುಬಿಗೆ ನೆರವಾಗಬಹುದಾದದ್ದು ಶಾಲೆ ಬಿಟ್ಟ ಮೇಲೆ, ಇಲ್ಲವೆ ರಜೆಯಲ್ಲಿ ಮಾತ್ರ. ರೆಂಬೆಸಹಿತ ಸೊಪ್ಪು ಕೊಡುವ ಪದ್ಧತಿಯಿಂದ ಹುಳುಮನೆಯ ಕೆಲಸವು ಬಹಳ ತಗ್ಗಿದೆ. ಆ ಉಳಿದ ವೇಳೆಯ ಮೊದಲ ಪಾಲು ಮಗಳಿಗೆ ಸಲ್ಲಲಿ. ಕೂಸನ್ನು ಅಂಗನವಾಡಿಗೆ ಕಳುಹಿಸಿ. ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ತಾಯಿತಂದೆಗಳೂ ಅರ್ಧದಷ್ಟು ಹೆಂಗಸರೂ ಇರತಕ್ಕದ್ದೆಂದು 2009ರ ಕಾನೂನು ಹೇಳುತ್ತದೆ. ಆ ಸ್ಥಾನದಲ್ಲಿ ಕುಳಿತು, ಹುಳು ಹಣ್ಣಾಗುವ ವಾರಗಳಲ್ಲಿ ತಪ್ಪಿದ ಪಾಠವನ್ನು ಮಕ್ಕಳಿಗೆ ಮತ್ತೆ ಹೇಳಿಸುವ ಏರ್ಪಾಡನ್ನು ಕೇಳಿ ಪಡೆಯಿರಿ.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಒಬ್ಬೊಬ್ಬರು ಬೆಂಚಿನ ಮೇಲೆ ಕುಳಿತ ಪ್ರತಿಯೊಂದು ದಿನವೂ ಮನೆಯಲ್ಲಿ ಮತ್ತಾರೋ ನಿಮ್ಮ ಪಾಲಿನ ಕೆಲಸವನ್ನು ಹೊತ್ತಿದ್ದರು. ಆ ಋಣವನ್ನು ತೀರಿಸಲು ದೊಡ್ಡ ನಿಧಿಯೇನೂ ಬೇಡ. ನಿಮ್ಮ ಬೀದಿಯಲ್ಲಿ ಈ ವಾರ ಶಾಲೆಗೆ ಹೋಗದಿರುವ ಒಬ್ಬ ಹುಡುಗಿಯನ್ನು ಗುರುತಿಸಿ, ಸಂಜೆ ಅರ್ಧ ಗಂಟೆ ಅವಳೊಡನೆ ಕುಳಿತು, ತಪ್ಪಿದ ಪಾಠವನ್ನು ಹೇಳಿಕೊಡಿ. ಮರುದಿನ ಅವಳು ನಾಚಿಕೆಯಿಲ್ಲದೆ ಶಾಲೆಯ ಮೆಟ್ಟಿಲನ್ನು ಹತ್ತುವಳು.