ಮೀನೆಣ್ಣೆ ಗುಳಿಗೆ ಮತ್ತು ವಂಶವಾಹಿಗಳ ಲೆಕ್ಕ

ಶಹಾಪುರದಲ್ಲಿ ಸೀರೆ ವ್ಯಾಪಾರ ನಡೆಸುವ ಸಹೋದರರಿಬ್ಬರು ನನ್ನ ಕಕ್ಷಿದಾರರು. ದಿನವಿಡೀ ಗಾದಿಯ ಮೇಲೆ ಕುಳಿತೇ ದುಡಿಯುವವರು. ರಕ್ತದಲ್ಲಿ ಟ್ರೈಗ್ಲಿಸರೈಡ್ ಹೆಚ್ಚಿದ್ದರಿಂದ ಇಬ್ಬರೂ ಒಂದೇ ಬಗೆಯ ಮೀನೆಣ್ಣೆ ಗುಳಿಗೆ ಸೇವಿಸತೊಡಗಿದರು. ತಮ್ಮನದು ಇಳಿಯಿತು, ಅಣ್ಣನದು ತುಸು ಏರಿತು. ‘ಸಾಹೇಬರ, ಮಾಲು ನಕಲಿಯೇನ್ರಿ?’ ಎಂದು ಅಣ್ಣ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಊಟ, ನಡಿಗೆಗಳ ವ್ಯತ್ಯಾಸವೂ ಇದಕ್ಕೆ ಕಾರಣವಿರಬಹುದು. ಆದರೆ 2021ರಲ್ಲಿ ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದವರು ಬ್ರಿಟನ್ನಿನ ಸುಮಾರು 70,000 ಜನರ ಮಾಹಿತಿಯನ್ನು ಪರಿಶೀಲಿಸಿ ಇನ್ನೊಂದು ಸಾಧ್ಯತೆಯನ್ನು ತೋರಿಸಿದರು. ಜಿಜೆಬಿ2 ಎಂಬ ವಂಶವಾಹಿಯ ಬಳಿ ‘ಎಜಿ’ ರೂಪವುಳ್ಳವರಲ್ಲಿ ಮೀನೆಣ್ಣೆಯು ಟ್ರೈಗ್ಲಿಸರೈಡನ್ನು ತಗ್ಗಿಸಿದ್ದರೆ, ‘ಎಎ’ ರೂಪವುಳ್ಳವರಲ್ಲಿ ಅದು ಕೊಂಚ ಏರಿತ್ತು. ಒಂದೇ ಅಕ್ಷರದ ಅಂತರ! ಆದರೆ ಅವರೆಲ್ಲ ಐರೋಪ್ಯ ಮೂಲದವರಾದುದರಿಂದ ಆ ಫಲಿತಾಂಶವನ್ನು ನೇರವಾಗಿ ನಮ್ಮ ಖಾತೆಗೆ ವರ್ಗಾಯಿಸಲಾಗದು.

ನಮಗೆ ಹತ್ತಿರದ ದಾಖಲೆ ಪುಣೆಯದು. ಅಲ್ಲಿನ ಬಹುತೇಕ ಸಸ್ಯಾಹಾರಿಗಳಾದ 234 ಜನರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಫ್‌ಎಡಿಎಸ್2 ವಂಶವಾಹಿಯ ಒಂದು ವಿಶೇಷ ರೂಪವು ಶೇ. 68 ಜನರಲ್ಲಿ ತಂದೆ–ತಾಯಿ ಇಬ್ಬರಿಂದಲೂ ಬಂದಿತ್ತು. ಅಮೆರಿಕನ್ನರಲ್ಲಿ ಈ ಪ್ರಮಾಣ ಶೇ. 18 ಮಾತ್ರ. ಸಸ್ಯಜನ್ಯ ಕೊಬ್ಬಿನಿಂದ ದೇಹಕ್ಕೆ ಬೇಕಾದ ಉದ್ದ ಸರಪಳಿಯ ಕೊಬ್ಬನ್ನು ತಯಾರಿಸಲು ಇದು ನೆರವಾಗುತ್ತದೆ. ತಲೆಮಾರುಗಳ ಶಾಕಾಹಾರಕ್ಕೆ ಹೊಂದಿಕೊಂಡು ಬಂದ ಗುಣವೆಂದು ತಜ್ಞರ ಅಭಿಪ್ರಾಯ.

ಇಲ್ಲಿ ನಮ್ಮ ಅಡುಗೆಮನೆಯೂ ಲೆಕ್ಕಕ್ಕೆ ಬರುತ್ತದೆ. ಅಗಸಿ ಹಿಂಡಿಯಲ್ಲಿ ಒಮೇಗಾ-3ರ ಮೂಲ ಕೊಬ್ಬು ಹೇರಳವಾಗಿದೆ. ಕುಸುಬೆ, ಸೂರ್ಯಕಾಂತಿ ಎಣ್ಣೆಗಳಲ್ಲಿರುವುದು ಮುಖ್ಯವಾಗಿ ಒಮೇಗಾ-6. ಎರಡನ್ನೂ ಪರಿವರ್ತಿಸುವ ಕಿಣ್ವ ಒಂದೇ. ಒಂದೇ ಮಗ್ಗಕ್ಕೆ ಎರಡು ನೂಲುಗಳು ಪೈಪೋಟಿ ನಡೆಸಿದಂತೆ! ಎಣ್ಣೆ ಅತಿಯಾದರೆ ಅಗಸಿಯ ಪಾಲು ಕುಗ್ಗುತ್ತದೆ. ಮೊದಲೇ ಅಗಸಿಯಿಂದ ಸಿದ್ಧ ರೂಪಕ್ಕೆ ತಿರುಗುವ ಪ್ರಮಾಣ ಅಲ್ಪ. ಮೀನೆಣ್ಣೆಯಲ್ಲಿ ಇಪಿಎ, ಡಿಎಚ್‌ಎ ಎಂಬ ಸಿದ್ಧ ಸರಕೇ ಇರುವುದರಿಂದ ಈ ಮಗ್ಗದ ಹಂಗಿಲ್ಲ.

ಕೊಳ್ಳುವಾಗ ಚೀಟಿಯನ್ನು ತಪ್ಪದೆ ಓದಿರಿ. ಸಾಮಾನ್ಯವಾಗಿ ಸಿಗುವ 1000 ಮಿಲಿಗ್ರಾಂ ಗುಳಿಗೆಯಲ್ಲಿ ಇಪಿಎ 180, ಡಿಎಚ್‌ಎ 120. ಒಟ್ಟು 300 ಮಾತ್ರ. ಸಾವಿರವೆಂಬುದು ವಹಿವಾಟು, ಮುನ್ನೂರು ನಿವ್ವಳ ಲಾಭ. ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

ವಂಶವಾಹಿ ಪರೀಕ್ಷೆಗೆ ಹಣ ಸುರಿಯುವ ಮೊದಲು, ಗುಳಿಗೆ ಆರಂಭಿಸುವ ಮುನ್ನ ಹಾಗೂ ಮೂರು ತಿಂಗಳ ನಂತರ ಬರಿ ಹೊಟ್ಟೆಯಲ್ಲಿ ರಕ್ತ ಪರೀಕ್ಷಿಸಿ ಎರಡೂ ವರದಿಗಳನ್ನು ತಾಳೆ ನೋಡುವುದು ಮೇಲು. ಅಣ್ಣ ಈಗ ವೈದ್ಯರ ಸಲಹೆಯಂತೆ ಗುಳಿಗೆ ನಿಲ್ಲಿಸಿ, ಬೆಳಗಿನ ನಡಿಗೆ ಹಿಡಿದಿದ್ದಾರೆ. ಮುಂದಿನ ವರದಿ ಇನ್ನೂ ಬರಬೇಕಿದೆ.