ಕಿಲೋಮೀಟರಿಗೆ 28 ಪೈಸೆ

ನಮ್ಮ ಪಿಕಪ್ಪು ಒಂದು ಕಿಲೋಮೀಟರ್ ಓಡಿದರೆ ಡೀಸೆಲ್ಲಿಗೆ ಏಳೂವರೆ ರೂಪಾಯಿ, ಎಂಜಿನ್ ಆಯಿಲಿಗೆ 28 ಪೈಸೆ. ಕಂತು, ಇನ್ಶೂರೆನ್ಸು, ಟೈರು, ಎಫ್‌ಸಿ, ಡ್ರೈವರ್ ಬಾಟಾಗಳ ನಡುವೆ ಈ 28 ಪೈಸೆ ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ಗ್ಯಾರೇಜಿನವರು ‘ಸಿಂಥೆಟಿಕ್ ಹಾಕಿಬಿಡಿ, ಗಾಡಿ ಹಗುರಾಗುತ್ತೆ’ ಎಂದರೆ ಕೆಲವರು ಹೂಂ ಎನ್ನುತ್ತಾರೆ, ಕೆಲವರು ಲೀಟರ್ ಬೆಲೆ ಕೇಳಿಯೇ ಬೇಡವೆನ್ನುತ್ತಾರೆ. ಎರಡೂ ಕಡೆಯವರು ಲೆಕ್ಕ ಹಾಕಿರುವುದಿಲ್ಲ. ಸಿಂಥೆಟಿಕ್‌ಗೆ ಬದಲಾಯಿಸುವ ಮುಂಚೆ ನಾನು ಆ ಲೆಕ್ಕವನ್ನು ಪೂರ್ತಿ ಮಾಡಿದೆ. ಬಾಡಿಗೆಗೆ ಗಾಡಿ ಓಡಿಸಿ ಸಂಸಾರ ನಡೆಸುವವರು ನಮ್ಮ ಕಡೆ ಬಹಳ ಇದ್ದಾರೆ. ಅವರಿಗೆ ಇದು ಉಪಯೋಗಕ್ಕೆ ಬಂದೀತು.

ನಮ್ಮದು ಎರಡೂವರೆ ಲೀಟರಿನ ಟರ್ಬೊ ಡೀಸೆಲ್, ಬಿಎಸ್4 ಕಾಲದ ಗಾಡಿ. ಆಲೂರು, ಹಾಸನದ ಕಡೆಯಿಂದ ಶುಂಠಿ, ತರಕಾರಿ ತುಂಬಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತದೆ. ಬರುವಾಗ ಗೊಬ್ಬರವೋ ಹೆಂಚೋ ಸಿಕ್ಕರೆ ಅದನ್ನು ಹೊತ್ತು ಘಾಟಿ ಹತ್ತುತ್ತದೆ. ಸಕಲೇಶಪುರ ಇರುವುದು ಸುಮಾರು 950 ಮೀಟರ್ ಎತ್ತರದಲ್ಲಿ. ಕರಾವಳಿಯ ಸೆಕೆಯಿಂದ ಅಷ್ಟೆತ್ತರಕ್ಕೆ ಎರಡನೇ ಮೂರನೇ ಗೇರಿನಲ್ಲಿ ಲೋಡು ಎಳೆಯುವಾಗ ಎಂಜಿನ್ನಿಗೆ ಆಗುವ ಶ್ರಮ, ಹಾಸನದ ಸಂತೆಗಳಿಗೆ ಮಾತ್ರ ಸುತ್ತಾಡುವ ಗಾಡಿಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿದ್ದು ಯಾಕೆಂದರೆ ಉತ್ತರ ಗಾಡಿಯಿಂದ ಗಾಡಿಗೆ ಬದಲಾಗುತ್ತದೆ.

ಲೆಕ್ಕ ಹೀಗಿದೆ. ಎಂಜಿನ್ನಿಗೆ ಆರು ಲೀಟರ್ ಆಯಿಲ್ ಬೇಕು. 15ಡಬ್ಲ್ಯು-40 ಮಿನರಲ್ ಆಯಿಲ್ ಲೀಟರಿಗೆ 350 ರೂಪಾಯಿ ಎಂದರೆ 2,100. ಫಿಲ್ಟರು, ಕೂಲಿ ಸೇರಿ 700. ಒಟ್ಟು 2,800 ರೂಪಾಯಿ. ಹತ್ತು ಸಾವಿರ ಕಿಲೋಮೀಟರಿಗೆ ಹಂಚಿದರೆ ಆ 28 ಪೈಸೆ ಬರುತ್ತದೆ. ಪೂರ್ಣ ಸಿಂಥೆಟಿಕ್ 5ಡಬ್ಲ್ಯು-40 ನನಗೆ ಸಿಕ್ಕಿದ್ದು ಲೀಟರಿಗೆ 800ರ ಸುಮಾರಿಗೆ. ಎಲ್ಲ ಸೇರಿ 5,500 ರೂಪಾಯಿ. ಇದನ್ನೂ ಹತ್ತು ಸಾವಿರಕ್ಕೇ ಇಳಿಸಿದರೆ ಕಿಲೋಮೀಟರಿಗೆ 55 ಪೈಸೆ, ಹೆಚ್ಚುಕಡಿಮೆ ಎರಡರಷ್ಟು. ಹದಿನೈದು ಸಾವಿರದವರೆಗೆ ಓಡಿಸಿದರೆ 37 ಪೈಸೆ. ಆಗಲೂ ಮಿನರಲ್‌ಗಿಂತ 9 ಪೈಸೆ ಜಾಸ್ತಿಯೇ.

ಆ 9 ಪೈಸೆ ಎಲ್ಲಿಂದ ವಾಪಸು ಬರಬೇಕು? ಮೈಲೇಜಿನಿಂದ ಎನ್ನುತ್ತಾರೆ. ಆಯಿಲ್ ತೆಳುವಾದರೆ ಎಂಜಿನ್ನಿನ ಒಳಗಿನ ಘರ್ಷಣೆ ತಗ್ಗಿ ಡೀಸೆಲ್ ಸ್ವಲ್ಪ ಉಳಿಯುವುದು ನಿಜ; ಶೇ 1ರಿಂದ 2 ಎಂಬುದು ಸಾಮಾನ್ಯವಾಗಿ ಹೇಳುವ ಮಾತು. ಆದರೆ ಆ ಉಳಿತಾಯದ ಹೆಚ್ಚಿನ ಪಾಲು ಬರುವುದು 40ರ ಗ್ರೇಡಿನಿಂದ 30ಕ್ಕೆ ಇಳಿದಾಗ. ಘಾಟಿಯಲ್ಲಿ ಲೋಡು ಎಳೆಯುವ ಗಾಡಿಗೆ ನಾನು 40ನ್ನೇ ಉಳಿಸಿಕೊಂಡೆ. ಆದ್ದರಿಂದ ಶೇ ಅರ್ಧಕ್ಕಿಂತ ಹೆಚ್ಚು ಹಿಡಿಯಲಾರೆ. ಅದು ಕಿಲೋಮೀಟರಿಗೆ 4 ಪೈಸೆ. ನನ್ನ ಡೀಸೆಲ್ ಪುಸ್ತಕದಿಂದ ಇದನ್ನು ಸಾಬೀತು ಮಾಡಲೂ ಆಗುವುದಿಲ್ಲ. ಲೋಡು, ಮಳೆ, ಟೈರಿನ ಗಾಳಿ, ಡ್ರೈವರಿನ ಕಾಲು ಇವೆಲ್ಲ ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ಮಾಡುತ್ತವೆ. ‘ಸಿಂಥೆಟಿಕ್ ಹಾಕಿದ್ಮೇಲೆ ಲೀಟರಿಗೆ ಎರಡು ಕಿಲೋಮೀಟರ್ ಜಾಸ್ತಿ ಬಂತು’ ಎಂದು ಯಾರಾದರೂ ಹೇಳಿದರೆ ಆಯಿಲ್ ಜೊತೆಗೆ ಇನ್ನೇನು ಬದಲಾಯಿಸಿದಿರಿ ಎಂದು ಕೇಳಿ.

ಇನ್ನು ಗಾಡಿ ನಿಲ್ಲುವ ದಿನ. ಮೂವತ್ತು ಸಾವಿರ ಕಿಲೋಮೀಟರಿನಲ್ಲಿ ಮೂರು ಸಲ ಗ್ಯಾರೇಜಿಗೆ ಹೋಗುವ ಬದಲು ಎರಡು ಸಲ ಹೋದರೆ ಒಂದು ದಿನದ ಬಾಡಿಗೆ ಉಳಿಯುತ್ತದೆ. ಶುಂಠಿ ಕೀಳುವ ಕಾಲದಲ್ಲಿ ಒಂದು ದಿನ ತಪ್ಪಿದರೆ ಖರ್ಚು ಕಳೆದು 1,500 ರೂಪಾಯಿ ಹೋದಂತೆ. ಅಂದರೆ ಕಿಲೋಮೀಟರಿಗೆ 5 ಪೈಸೆ. ನಾಲ್ಕೂ ಐದೂ ಒಂಬತ್ತು. ಹದಿನೈದು ಸಾವಿರದವರೆಗೆ ಓಡಿಸಿದರೆ ಸಿಂಥೆಟಿಕ್‌ನಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅದಕ್ಕೂ ಮೊದಲೇ ಇಳಿಸಿದರೆ ನಷ್ಟ. ಇಷ್ಟು ಸಮಸಮ ಬಂದದ್ದು ನನಗೇ ಆಶ್ಚರ್ಯವಾಯಿತು.

ಹಾಗಿದ್ದೂ ಬದಲಾಯಿಸಿದ್ದು ಟರ್ಬೊಗಾಗಿ. ಟರ್ಬೊದ ಶಾಫ್ಟು ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ. ಅದರ ಒಂದು ತುದಿಗೆ ಎಂಜಿನ್ನಿನಿಂದ ಬರುವ ಕೆಂಡದಂಥ ಹೊಗೆ ಬಡಿಯುತ್ತಿರುತ್ತದೆ, ನಡುವಿನ ಬೇರಿಂಗನ್ನು ಕಾಯುವುದು ತೆಳ್ಳನೆಯ ಒಂದು ಆಯಿಲ್ ಪದರ. ಘಾಟಿ ಹತ್ತಿ ಮೇಲೆ ಬಂದವರು ಟೀ ಅಂಗಡಿ ಕಂಡ ತಕ್ಷಣ ಎಂಜಿನ್ ಆಫ್ ಮಾಡುತ್ತಾರೆ. ಆಯಿಲ್ ಹರಿಯುವುದು ನಿಂತುಬಿಡುತ್ತದೆ, ಬೇರಿಂಗಿನಲ್ಲಿ ಉಳಿದ ಆಯಿಲ್ ಬಾಣಲೆಯ ತಳದಲ್ಲಿ ಸೀದ ಎಣ್ಣೆಯಂತೆ ಕರಿಯಾಗಿ ಅಂಟಿಕೊಳ್ಳುತ್ತದೆ. ಆ ಕರಿ ಬೆಳೆಯುತ್ತ ಹೋಗಿ ಆಯಿಲಿನ ದಾರಿ ಮುಚ್ಚಿದರೆ ಟರ್ಬೊ ಹೋಯಿತು. ಅದು ಹತ್ತಾರು ಸಾವಿರದ ಬಾಬತ್ತು, ಜೊತೆಗೆ ಗಾಡಿ ಎಷ್ಟೋ ದಿನ ಮನೆ ಮುಂದೆ. ಒಳ್ಳೆಯ ಸಿಂಥೆಟಿಕ್ ಈ ಬಿಸಿಯನ್ನು ಮಿನರಲ್‌ಗಿಂತ ಚೆನ್ನಾಗಿ ತಾಳುತ್ತದೆ, ಕಡಿಮೆ ಆವಿಯಾಗುತ್ತದೆ, ಕಡಿಮೆ ಕರಿ ಬಿಡುತ್ತದೆ. ಆಯಿಲಿನ ಡೇಟಾ ಶೀಟ್ ಸಿಕ್ಕರೆ ‘ನೋಆಕ್’ ಎಂಬ ಪರೀಕ್ಷೆಯ ಅಂಕಿ ಇದೆಯೇ ನೋಡಿ. 250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಿದಾಗ ಶೇಕಡಾ ಎಷ್ಟು ಆವಿಯಾಯಿತು ಎಂಬುದು ಅದು. ಕಡಿಮೆ ಇದ್ದಷ್ಟೂ ಒಳ್ಳೆಯದು.

ಡಬ್ಬಿಯ ಮೇಲಿನ 5ಡಬ್ಲ್ಯು, 0ಡಬ್ಲ್ಯು ಎಂಬ ಮೊದಲ ಅಂಕಿಗಾಗಿಯೇ ನಮ್ಮವರು ಹೆಚ್ಚು ದುಡ್ಡು ಕೊಡುವುದು ಬೇಡ. ಅದು ಚಳಿಯಲ್ಲಿ ಎಂಜಿನ್ ಸ್ಟಾರ್ಟ್ ಆಗುವ ವಿಷಯ. ಸಾದಾ 15ಡಬ್ಲ್ಯು ಆಯಿಲನ್ನೇ ಮೈನಸ್ 20 ಡಿಗ್ರಿಯಲ್ಲಿ ಪರೀಕ್ಷಿಸಿರುತ್ತಾರೆ. ಡಿಸೆಂಬರಿನ ಸಕಲೇಶಪುರಕ್ಕೂ ಅದು ಧಾರಾಳವಾಯಿತು. ಕೆನಡಾದಲ್ಲಿ ಪಿಕಪ್ ಓಡಿಸುವವರಿಗೆ ಆ ಅಂಕಿಯೇ ಮುಖ್ಯ, ನಮಗೆ ಬಿಸಿ ಮುಖ್ಯ.

ಬಿಎಸ್6 ಗಾಡಿ ಇರುವವರು ಮಿನರಲ್ಲೋ ಸಿಂಥೆಟಿಕ್ಕೋ ಎನ್ನುವುದಕ್ಕೆ ಮೊದಲು ಬೇರೆ ಪ್ರಶ್ನೆ ಕೇಳಬೇಕು. 2020ರ ಏಪ್ರಿಲ್ 1ರಿಂದ ಬಂದ ಈ ನಿಯಮದ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇದ್ದರೆ ಬೂದಿ ಕಡಿಮೆ ಬಿಡುವ ಆಯಿಲೇ ಬೇಕು. ಮಸಿಯನ್ನು ಗಾಡಿ ತಾನೇ ಸುಟ್ಟುಕೊಳ್ಳುತ್ತದೆ, ಆಯಿಲಿನ ಬೂದಿ ಸುಡುವುದಿಲ್ಲ, ಅಲ್ಲೇ ಕಟ್ಟಿಕೊಳ್ಳುತ್ತದೆ. ಡಬ್ಬಿಯ ಮೇಲೆ ಸಿಕೆ-4 ಅಥವಾ ಎಸಿಇಎ ಸಿ3 ಎಂಬಂಥ ಗುರುತಿರುತ್ತದೆ. ಯಾವುದು ಬೇಕೆಂದು ಗಾಡಿಯ ಪುಸ್ತಕವೇ ಹೇಳುತ್ತದೆ. ಹಳೆಯ ಸಿಐ-4 ಆಯಿಲ್ ಸಿಂಥೆಟಿಕ್ಕೇ ಆಗಿದ್ದರೂ ಅಲ್ಲಿ ಸಲ್ಲದು. ಊರೊಳಗೇ ನಿಂತು ನಿಂತು ಓಡುವ ಇಂಥ ಗಾಡಿಯಲ್ಲಿ ಮಸಿ ಸುಡಲು ಚಿಮ್ಮಿಸಿದ ಡೀಸೆಲ್ ಸ್ವಲ್ಪ ಸ್ವಲ್ಪವೇ ಕೆಳಗಿಳಿದು ಆಯಿಲಿಗೆ ಸೇರುವುದೂ ಉಂಟು. ಡಿಪ್ ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ್ದು ಕಂಡರೆ ಖುಷಿಪಡಬೇಡಿ, ಕಿಲೋಮೀಟರ್ ನೋಡದೆ ಇಳಿಸಿ.

ಹದಿನೈದು ಸಾವಿರದ ಮಾತನ್ನು ನಾನು ನಂಬಿಕೆಯ ಮೇಲೆ ಆಡುತ್ತಿಲ್ಲ. ಗಾಡಿಯ ವಾರಂಟಿ ಮುಗಿದಿತ್ತು. ಹತ್ತು ಸಾವಿರ ಓಡಿದ ಸಿಂಥೆಟಿಕ್‌ನ ಒಂದು ಸೀಸೆಯನ್ನು ಬೆಂಗಳೂರಿನ ಪ್ರಯೋಗಾಲಯವೊಂದಕ್ಕೆ ಕಳಿಸಿದೆ. ದಪ್ಪ ಇನ್ನೂ 40ರ ಗ್ರೇಡಿನಲ್ಲೇ ಇತ್ತು. ಆಮ್ಲವನ್ನು ತಟಸ್ಥಗೊಳಿಸುವ ಶಕ್ತಿಯನ್ನು ತೋರಿಸುವ ಟಿಬಿಎನ್ ಅರ್ಧಕ್ಕಿಂತ ಕೆಳಗೆ ಇಳಿದಿರಲಿಲ್ಲ. ಸವೆತ ತಿಳಿಸುವ ಕಬ್ಬಿಣದ ಅಂಶವೂ ಏರಿರಲಿಲ್ಲ. ಆಮೇಲೆ ಅವಧಿ ಹೆಚ್ಚಿಸಿದೆ. ಆ ವರದಿಗೆ ಕೊಟ್ಟ ದುಡ್ಡು ನನ್ನ ಮಟ್ಟಿಗೆ ಇಡೀ ವ್ಯವಹಾರದಲ್ಲೇ ಅತ್ಯಂತ ಸಾರ್ಥಕವಾದ ಖರ್ಚು. ವಾರಂಟಿಯಲ್ಲಿರುವವರು ಮಾತ್ರ ಪುಸ್ತಕದ ಅವಧಿಯನ್ನು ದಾಟಬಾರದು, ಆಯಿಲಿನ ಬಿಲ್ಲನ್ನು ಎಸೆಯಲೂ ಬಾರದು. ‘ಆಯಿಲ್ ಕಪ್ಪಾಗಿದೆ, ಇಳಿಸಿಬಿಡಿ’ ಎಂಬ ಮಾತಿಗೆ ಹೆದರುವುದು ಬೇಡ. ಡೀಸೆಲ್ ಎಂಜಿನ್ನಿನಲ್ಲಿ ಆಯಿಲ್ ಬೇಗನೆ ಕಪ್ಪಾಗುವುದೇ ಸಹಜ. ಮಸಿಯನ್ನು ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ.

ಎಲ್ಲಿ ಕೊಳ್ಳಬೇಕೆಂಬುದೂ ದುಡ್ಡಿನ ಪ್ರಶ್ನೆಯೇ. ಕೆಲವು ಡಬ್ಬಿಗಳ ಮುಚ್ಚಳದಡಿ ಮೆಕ್ಯಾನಿಕ್‌ಗೆಂದೇ ಕೂಪನ್ ಇರುತ್ತದೆ. ಅದು ಅವರ ದುಡಿಮೆಯ ಭಾಗ, ನನಗೆ ಬೇಸರವಿಲ್ಲ. ಆದರೆ ಯಾವ ಆಯಿಲ್ ಎಂಬ ತೀರ್ಮಾನವನ್ನು ಕೂಪನ್ನಿಗೆ ಬಿಟ್ಟುಕೊಡಬಾರದು. ಡಬ್ಬಿಯನ್ನು ನಾನೇ ಅಂಗಡಿಯಿಂದ ಬಿಲ್ ಸಮೇತ ತರುತ್ತೇನೆ, ಸೀಲು ಎದುರಿಗೇ ಒಡೆಸುತ್ತೇನೆ, ಖಾಲಿಯಾದ ಮೇಲೆ ಡಬ್ಬಿಗೆ ತೂತು ಹೊಡೆಸುತ್ತೇನೆ. ದುಬಾರಿ ಆಯಿಲಿನ ಖಾಲಿ ಡಬ್ಬಿಗೆ ನಕಲಿ ಮಾಲು ತುಂಬುವ ದಂಧೆ ಇರುವಾಗ ಇಷ್ಟು ಎಚ್ಚರ ಬೇಕೇ ಬೇಕು.

ನಮ್ಮ ಭಾವನ ಬಳಿಯೂ ಇಂಥದೇ ಪಿಕಪ್ ಇದೆ. ತೋಟದ ಕೆಲಸಕ್ಕೆ, ವಾರದ ಸಂತೆಗೆ, ವರ್ಷಕ್ಕೆ ನಾಲ್ಕೈದು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ನಾನು ಬದಲಾಯಿಸಿದ್ದು ನೋಡಿ ತಾವೂ ಹಾಕಿಸುವುದಾಗಿ ಹೇಳಿದರು. ಬೇಡವೆಂದೆ. ಕಿಲೋಮೀಟರ್ ಎಷ್ಟೇ ಕಡಿಮೆಯಿದ್ದರೂ ವರ್ಷಕ್ಕೊಮ್ಮೆ ಆಯಿಲ್ ಇಳಿಸಲೇಬೇಕು, ಹಾಗಿರುವಾಗ ಸಿಂಥೆಟಿಕ್‌ನ ಉಳಿದ ಆಯಸ್ಸು ಹಳೆ ಆಯಿಲಿನ ಡ್ರಮ್ಮಿಗೆ ಹೋಗುತ್ತದೆ. ಅವರಿಗೆ ಹೊಂದುವುದು ಪುಸ್ತಕದಲ್ಲಿ ಹೇಳಿದ ಗ್ರೇಡಿನ ಒಳ್ಳೆಯ ಮಿನರಲ್, ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ. ಉಳಿಯುವ 2,700 ರೂಪಾಯಿಯನ್ನು ಟೈರಿಗೆ ಎತ್ತಿಡಿ ಎಂದೆ. ಅವರ ಮುಂದಿನ ಎರಡು ಟೈರು ಈ ಮಳೆಗಾಲ ತಡೆಯುವಂತಿಲ್ಲ.