ಇಬ್ಬರು ಸೇರಿ ಮಾಡಿದ ಕಾಲು

ನಾವು ದಿನಾ ಕಾಲಿನಿಂದ ಎಷ್ಟು ಕೆಲಸ ಮಾಡುತ್ತೇವೆ! ಕೆಸರು ಗದ್ದೆಗೆ ಇಳಿಯುತ್ತೇವೆ. ಕುಕ್ಕುರುಗಾಲಲ್ಲಿ ಕೂತು ಕಳೆ ಕೀಳುತ್ತೇವೆ. ಚಕ್ಕಳಮಕ್ಕಳ ಹಾಕಿ ಉಣ್ಣುತ್ತೇವೆ. ಬರಿಗಾಲಲ್ಲಿ ಗುಡಿಗೆ ಹೋಗುತ್ತೇವೆ. ಕಾಲು ಇರುವಾಗ ಅದರ ಬೆಲೆ ಗೊತ್ತಾಗೋದಿಲ್ಲ.

ಅಪಘಾತದಲ್ಲಿ ಒಂದು ಕಾಲು ಹೋಯ್ತು ಅನ್ನಿ. ಆಗ ಕೃತಕ ಕಾಲು ಹಾಕುತ್ತಾರೆ. ಹಿಂದೆ ಸಿಗುತ್ತಿದ್ದ ಕಾಲು ಪರದೇಶದ ಮಾದರಿಯದು. ಅದರ ಪಾದ ಬಿರುಸು. ಅದಕ್ಕೆ ಬೂಟು ಬೇಕೇ ಬೇಕು. ಕುರ್ಚಿ ಮೇಲೆ ಕೂರುವವರಿಗೆ ಅದು ಸರಿ. ನೆಲದ ಮೇಲೆ ಕೂರುವ ನಮಗೆ? ಕೆಸರು ತುಳಿಯುವ ನಮಗೆ? ಎಷ್ಟೋ ಜನ ಆ ಕಾಲನ್ನು ಮೂಲೆಗಿಟ್ಟು ಮತ್ತೆ ಊರುಗೋಲು ಹಿಡಿದರು. ಕಾಲು ಬಂದರೂ ಕೆಲಸ ಬರಲಿಲ್ಲ.

ರಾಜಸ್ಥಾನದ ಜೈಪುರದಲ್ಲಿ ಸವಾಯಿ ಮಾನ್‌ಸಿಂಗ್ ಆಸ್ಪತ್ರೆ ಇದೆ. ಅಲ್ಲಿ ಡಾ. ಪಿ. ಕೆ. ಸೇಠಿ ಎಂಬ ಮೂಳೆ ವೈದ್ಯರಿದ್ದರು. ರಾಮಚಂದ್ರ ಶರ್ಮ ಎಂಬ ಕಲೆಗಾರರೂ ಇದ್ದರು. ಶರ್ಮ ಅವರು ರೋಗಿಗಳಿಗೆ ಕೈಕೆಲಸ ಕಲಿಸಲು ಬಂದವರು. ಓದಿದ್ದು ನಾಲ್ಕನೇ ತರಗತಿವರೆಗೆ ಮಾತ್ರ. ಎಲ್ಲರೂ ಅವರನ್ನು ಮಾಸ್ಟರ್‌ಜಿ ಅಂತ ಕರೆಯುತ್ತಿದ್ದರು.

ವೈದ್ಯರಿಗೆ ಏನು ಗೊತ್ತಿತ್ತು? ಪಾದದ ಕೀಲು ಹೇಗೆ ಬಾಗುತ್ತದೆ, ಮೈಭಾರ ಎಲ್ಲಿ ಬೀಳುತ್ತದೆ ಅನ್ನೋದು ಗೊತ್ತಿತ್ತು. ಮಾಸ್ಟರ್‌ಜಿಗೆ ಏನು ಗೊತ್ತಿತ್ತು? ಕಂಡ ರೂಪವನ್ನು ಕೈಯಲ್ಲಿ ತರೋದು, ಅಚ್ಚು ತೆಗೆಯೋದು ಗೊತ್ತಿತ್ತು. ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಅದಕ್ಕೇ ಇಬ್ಬರೂ ಕೂತು ಮಾತಾಡಿದರು.

ಲಾರಿ ಟೈರು ಸವೆದರೆ ಅದಕ್ಕೆ ಹೊಸ ರಬ್ಬರ್ ಕೂರಿಸಿ, ಅಚ್ಚಿನಲ್ಲಿ ಕಾಯಿಸುತ್ತಾರೆ. ಆ ಕೆಲಸವನ್ನೇ ಪಾದಕ್ಕೂ ಬಳಸಿದರು. ಒಳಗೆ ಹಗುರವಾದ ಸ್ಪಂಜು ರಬ್ಬರ್, ಮರದ ತುಂಡು. ಹೊರಗೆ ಮೈಬಣ್ಣದ ಗಟ್ಟಿ ರಬ್ಬರ್. ಒಂದೇ ಸಲಕ್ಕೆ ಆಗಲಿಲ್ಲ. ಮಾಡಿದರು, ನೋಡಿದರು, ತಿದ್ದಿದರು. 1960ರ ದಶಕದ ಕೊನೆಗೆ 'ಜೈಪುರ ಕಾಲು' ಸಿದ್ಧವಾಯ್ತು.

ಈ ಕಾಲಿಗೆ ಬೂಟು ಬೇಡ. ಪಾದ ಬಾಗುತ್ತದೆ. ನೆಲದ ಮೇಲೆ ಕೂರಬಹುದು. ಗದ್ದೆಗೆ ಇಳಿಯಬಹುದು. ಸೈಕಲ್ ತುಳಿಯಬಹುದು. ನರ್ತಕಿ ಸುಧಾ ಚಂದ್ರನ್ ಅವರು 1981ರ ಅಪಘಾತದಿಂದ ಒಂದು ಕಾಲು ಕಳೆದುಕೊಂಡರು. ಜೈಪುರ ಕಾಲು ಹಾಕಿ 1984ರಲ್ಲಿ ಮತ್ತೆ ವೇದಿಕೆ ಏರಿ ಕುಣಿದರು! ಜೈಪುರದಲ್ಲಿ 1975ರಲ್ಲಿ ಶುರುವಾದ ಒಂದು ಸಂಸ್ಥೆ ಈ ಕಾಲನ್ನು ಬಡವರಿಗೆ ಪುಕ್ಕಟೆ ಹಾಕುತ್ತಾ ಬಂದಿದೆ.

ಡಾ. ಸೇಠಿ ಅವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದು ಸಂತೋಷದ ಮಾತೇ. ಆದರೆ ಮಾಸ್ಟರ್‌ಜಿ ಹೆಸರು ಅಷ್ಟು ಜನರಿಗೆ ತಿಳಿಯಲಿಲ್ಲ. ಕೈ ಕೆಲಸದವರ ಹೆಸರು ಹೀಗೆ ಹಿಂದೆ ಉಳಿಯೋದು ನಮಗೆ ಹೊಸದಲ್ಲ. ವೈದ್ಯರೊಬ್ಬರಿಂದಲೇ ಈ ಕಾಲು ಆಗುತ್ತಿತ್ತೇ? ಕಲೆಗಾರರೊಬ್ಬರಿಂದಲೇ ಆಗುತ್ತಿತ್ತೇ? ಯೋಚಿಸೋಣ. ನಾವು ಅಕ್ಷರ ಕಲಿತಿದ್ದೇವೆ. ಇಬ್ಬರ ಹೆಸರನ್ನೂ ಬರೆಯೋಣ.

ಓದಿ, ಬರೆಯಿರಿ:
ರಾಮಚಂದ್ರ ಶರ್ಮ. ಪಿ. ಕೆ. ಸೇಠಿ.
ಕೃತಕ, ಅಚ್ಚು, ರಬ್ಬರ್, ಊರುಗೋಲು.

ಮಾತಾಡೋಣ:
1. ಹಳೆಯ ಕೃತಕ ಕಾಲು ನಮ್ಮ ಜನಕ್ಕೆ ಏಕೆ ಒಗ್ಗಲಿಲ್ಲ?
2. ಪಾದ ಮಾಡಲು ಟೈರಿನ ಕೆಲಸ ಹೇಗೆ ನೆರವಾಯ್ತು?
3. ನಮ್ಮೂರಿನ ಬಡಗಿ, ಕಮ್ಮಾರ, ಕುಂಬಾರರ ಜೊತೆ ಡಾಕ್ಟರು, ಇಂಜಿನಿಯರು ಕೂತು ಮಾತಾಡಿದರೆ ನಮ್ಮ ಯಾವ ಕಷ್ಟ ನೀಗಬಹುದು?